ಹಾಸಿಗೆ ಹಿಡಿದ ಅಮ್ಮನಿಗಾಗಿ ಭಾನುವಾರದ ಪೂಜೆ ತಪ್ಪಿದರೆ ಅದು ಮಾರಕ ಪಾಪವೇ?

ಹಿಂದಿನ ಬೆಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇದನ್ನು ಕೇಳಲೋ ಬೇಡವೋ ಅಂತ ಎರಡು ವಾರದಿಂದ ಹಿಂದೆ ಮುಂದೆ ನೋಡುತ್ತಿದ್ದೆ. ಇಲ್ಲಿ ಕಥೋಲಿಕರು ಸುಮಾರು ಜನ ಇದ್ದೀರಿ, ಧರ್ಮೋಪದೇಶ ಕಲಿಸಿದವರೂ ಇದ್ದೀರಿ, ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ನಾನಿರುವುದು ಬೆಂಗಳೂರಿನಲ್ಲಿ. ಆಗಸ್ಟ್‌ನಲ್ಲಿ ಅಮ್ಮನಿಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಎರಡಕ್ಕೂ ಸ್ವಾಧೀನ ಇಲ್ಲ. ವಾರದಲ್ಲಿ ಆರು ದಿನ ಒಬ್ಬ ಹೆಂಗಸು ಬಂದು ನೋಡಿಕೊಳ್ಳುತ್ತಾರೆ, ನಾನು ಕೆಲಸಕ್ಕೆ ಹೋಗುತ್ತೇನೆ. ಭಾನುವಾರ ಅವರಿಗೆ ರಜೆ. ಆ ದಿನ ಮನೆಯಲ್ಲಿ ನಾವಿಬ್ಬರೇ. ಎರಡು ಗಂಟೆಗೊಮ್ಮೆ ಅಮ್ಮನ ಮಗ್ಗುಲು ಬದಲಾಯಿಸಬೇಕು, ಡೈಪರ್ ನೋಡಬೇಕು, ಗಂಜಿಯನ್ನೂ ನಿಧಾನಕ್ಕೆ ಒಂದೊಂದೇ ಚಮಚ ಕುಡಿಸಬೇಕು, ಇಲ್ಲದಿದ್ದರೆ ನೆತ್ತಿಗೇರುತ್ತದೆ. ಒಬ್ಬರನ್ನೇ ಬಿಟ್ಟು ಹೋಗುವ ಹಾಗೇ ಇಲ್ಲ. ಹೀಗೆ ನಾಲ್ಕು ತಿಂಗಳು ಚರ್ಚಿನ ಬಲಿಪೂಜೆಗೆ ಹೋಗಿರಲಿಲ್ಲ.

ಕ್ರಿಸ್ಮಸ್ ರಾತ್ರಿ ಪಕ್ಕದ ಮನೆ ಆಂಟಿ "ನಾನು ಕೂತಿರ್ತೀನಿ, ನೀನು ಹೋಗಿ ಬಾ" ಅಂದರು. ಹೋದೆ. ಚರ್ಚಿನ ಬಾಗಿಲಲ್ಲೇ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಸಿಕ್ಕರು. ಇಷ್ಟು ದಿನ ಯಾಕೆ ಬಂದಿಲ್ಲ ಅಂತ ಕೇಳಿದರು, ಹೇಳಿದೆ. "ಕಾರಣ ಏನೇ ಇರಲಿ, ತಪ್ಪಿಸಿದ ಒಂದೊಂದು ಭಾನುವಾರವೂ ಒಂದೊಂದು ಮಾರಕ ಪಾಪ. ಪಾಪನಿವೇದನೆ ಮಾಡದೆ ಪ್ರಸಾದ ತಗೋಬೇಡ, ಅದು ಇನ್ನೊಂದು ಪಾಪ ಆಗುತ್ತೆ" ಅಂದರು. ಅವರು ಕೆಟ್ಟವರಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಮೂರು ಸಲ ಬಂದು ಜಪಸರ ಹೇಳಿ ಹೋದವರೇ ಅವರು. ಅದಕ್ಕೇ ಅವರ ಮಾತು ಅಷ್ಟು ತಟ್ಟಿತು. ಎಲ್ಲರೂ ಪ್ರಸಾದಕ್ಕೆ ಎದ್ದು ಸಾಲಾಗಿ ಹೋದಾಗ ನಾನು ಹಿಂದಿನ ಬೆಂಚಿನಲ್ಲೇ ಕೂತಿದ್ದೆ. ಮೊದಲ ಪರಮಪ್ರಸಾದ ಆದ ಮೇಲೆ ಕ್ರಿಸ್ಮಸ್ ದಿನ ಪ್ರಸಾದ ಇಲ್ಲದೆ ಮನೆಗೆ ಬಂದದ್ದು ಇದೇ ಮೊದಲು.

ಇನ್ನೊಂದು ವಿಷಯ ಇದೆ, ಅದನ್ನು ಯಾರಿಗೂ ಹೇಳಿಲ್ಲ. ನವೆಂಬರ್‌ನಲ್ಲಿ ಒಂದು ಭಾನುವಾರ ಅದೇ ಆಂಟಿ ಬೆಳಿಗ್ಗೆ ಆರಕ್ಕೇ ಬಂದು ಬಾಗಿಲು ತಟ್ಟಿದ್ದರು. ಅವತ್ತು ಹೋಗಬಹುದಿತ್ತು. ಆದರೆ ಹಿಂದಿನ ರಾತ್ರಿ ಅಮ್ಮ ಒಂದು ನಿಮಿಷ ಕಣ್ಣು ಮುಚ್ಚಿರಲಿಲ್ಲ, ನಾನೂ ಮುಚ್ಚಿರಲಿಲ್ಲ. "ಇವತ್ತು ಬೇಡ ಆಂಟಿ" ಅಂದು ಅವರನ್ನು ಅಮ್ಮನ ಹತ್ತಿರ ಕೂರಿಸಿ ಮಲಗಿಬಿಟ್ಟೆ. ಎದ್ದಾಗ ಒಂಬತ್ತೂವರೆ. ಉಳಿದ ಭಾನುವಾರಗಳಿಗೆ ಕಾರಣ ಇದೆ. ಅವತ್ತಿನದಕ್ಕೆ ಏನು ಹೇಳಲಿ?

ಕೇಳಬೇಕಾದ್ದು ಇಷ್ಟು. ಮಾರಕ ಪಾಪ, ಗಂಭೀರ ಪಾಪ, ಘೋರ ಪಾಪ ಅಂತೆಲ್ಲ ಹೇಳುತ್ತಾರಲ್ಲ, ಎಲ್ಲವೂ ಒಂದೇನಾ? ಮತ್ತೆ ನಾನು ಈಗ ಆ ಸ್ಥಿತಿಯಲ್ಲಿ ಇದ್ದೇನಾ? ಗೊತ್ತಿರುವವರು ದಯವಿಟ್ಟು ಹೇಳಿ. ಸಮಾಧಾನಕ್ಕೆ ಅಂತ ಸುಮ್ನೆ ಏನಾದರೂ ಹೇಳಬೇಡಿ, ಇರುವುದನ್ನೇ ಹೇಳಿ.


ಹಳೇ ಉಪದೇಶಿ

ನೋಡಮ್ಮಾ, ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ವಿವರ. ಅಮ್ಮನನ್ನು ನೋಡಿಕೊಳ್ಳಲು ಬೇರೆ ದಿಕ್ಕಿಲ್ಲದೆ ನೀವು ಮನೆಯಲ್ಲಿ ಉಳಿದ ಭಾನುವಾರಗಳು ಮಾರಕ ಪಾಪ ಅಲ್ಲ. ಅಲ್ಪ ಪಾಪವೂ ಅಲ್ಲ. ಪಾಪವೇ ಅಲ್ಲ.

ನಾನು ಒಂದು ಹಳ್ಳಿಯ ಚರ್ಚಿನಲ್ಲಿ 30 ವರ್ಷ ಉಪದೇಶಿಯಾಗಿದ್ದವನು. ಆದರೂ ನನ್ನ ಮಾತನ್ನೇ ನಂಬಿ ಅನ್ನುವುದಿಲ್ಲ. 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಹೊರಡಿಸಿದ ಧರ್ಮೋಪದೇಶ ಗ್ರಂಥದಲ್ಲಿ 2181ನೇ ಪರಿಚ್ಛೇದ ತೆಗೆದು ನೋಡಿ. ಬೇಕೆಂದೇ ಭಾನುವಾರದ ಪೂಜೆ ತಪ್ಪಿಸುವವರು ಗಂಭೀರ ಪಾಪ ಮಾಡುತ್ತಾರೆ ಅಂತ ಅಲ್ಲಿ ಸ್ಪಷ್ಟವಾಗಿ ಇದೆ. ನಿಮಗೆ ಸಿಕ್ಕ ಹಿರಿಯರು ಅದನ್ನು ಕಲ್ಪಿಸಿಕೊಂಡು ಹೇಳಿದ್ದಲ್ಲ. ಆದರೆ ಅದರ ಹಿಂದಿನ ಸಾಲೇ ಇನ್ನೊಂದು ಮಾತು ಹೇಳುತ್ತದೆ. ಕಾಯಿಲೆ, ಎಳೆ ಮಕ್ಕಳ ಆರೈಕೆ, ಇಂಥ ತಕ್ಕ ಕಾರಣ ಇದ್ದವರಿಗೆ, ಅಥವಾ ಗುರುಗಳು ವಿನಾಯಿತಿ ಕೊಟ್ಟವರಿಗೆ ಆ ಕಟ್ಟಳೆಯ ಭಾರ ಇಲ್ಲ. ಎಳೆ ಮಗುವಿಗೆ ಅನ್ವಯಿಸುವ ಮಾತು, ಮಗುವಿನ ಹಾಗೇ ಆಗಿರುವ ತಾಯಿಗೆ ಅನ್ವಯಿಸುವುದಿಲ್ಲವೇ? ಹಿರಿಯರು ಒಂದು ಸಾಲು ನೆನಪಿಟ್ಟುಕೊಂಡು ಇನ್ನೊಂದನ್ನು ಮರೆತಿದ್ದಾರೆ, ಅಷ್ಟೇ.

ಈಗ ಹೆಸರಿನ ವಿಷಯ. ಸಂತ ಯೊವಾನ್ನರ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಸಾವಿಗೆ ಒಯ್ಯುವ ಪಾಪ, ಸಾವಿಗೆ ಒಯ್ಯದ ಪಾಪ ಅಂತ ಎರಡು ಬಗೆ ಬರುತ್ತದೆ. ಅಲ್ಲಿಂದ ಬಂದದ್ದೇ ಮಾರಕ ಪಾಪ, ಅಲ್ಪ ಪಾಪ ಅನ್ನುವ ಮಾತು. ಮಾರಕ ಅಂದರೆ ನಮ್ಮೊಳಗಿನ ದೇವಪ್ರೀತಿಯನ್ನೇ ಸಾಯಿಸುವಂಥದ್ದು. ಅಲ್ಪ ಪಾಪ ಆ ಪ್ರೀತಿಗೆ ಗಾಯ ಮಾಡುತ್ತದೆ, ಸಾಯಿಸುವುದಿಲ್ಲ. 1983ರ ಕ್ಯಾನನ್ ಕಾನೂನಿನಲ್ಲಿ, ಅಂದರೆ ಕಥೋಲಿಕ ಸಭೆಯ ನಿಯಮಗಳಲ್ಲಿ, "ಗಂಭೀರ ಪಾಪ" ಅನ್ನುವ ಪದ ಇದೆ, ಅದೂ ಇದೇ. ಅದೇ ವರ್ಷದ ಧರ್ಮಾಧ್ಯಕ್ಷರ (ಬಿಷಪ್‌ಗಳ) ಸಿನೋಡ್ ಸಭೆಯಲ್ಲಿ ಕೆಲವರು ಅಲ್ಪ, ಗಂಭೀರ, ಮಾರಕ ಅಂತ ಮೂರು ಮೆಟ್ಟಿಲು ಮಾಡೋಣ ಅಂದರು. 1984ರಲ್ಲಿ ಬರೆದ ಪತ್ರದಲ್ಲಿ ಪೋಪ್ ಅದನ್ನು ಒಪ್ಪಲಿಲ್ಲ. ಜೀವಕ್ಕೂ ಸಾವಿಗೂ ನಡುವೆ ಇನ್ನೊಂದು ಜಾಗ ಇಲ್ಲ ಅಂದರು. ಘೋರ ಪಾಪ ಅನ್ನುವುದು ನಮ್ಮ ಜನರ ಆಡುಮಾತು.

ಆದರೆ ಗೊಂದಲ ಆಗುವುದು ಬೇರೆ ಕಡೆ. "ಗಂಭೀರವಾದ ವಿಷಯ" ಅನ್ನುವುದು ಬೇರೆ, "ಮಾರಕ ಪಾಪ" ಅನ್ನುವುದು ಬೇರೆ. ಮಾರಕ ಪಾಪ ಆಗಬೇಕಾದರೆ ಮೂರು ಒಟ್ಟಿಗೆ ಸೇರಬೇಕು. ಮಾಡಿದ ವಿಷಯ ಗಂಭೀರವಾಗಿರಬೇಕು. ಅದು ಗಂಭೀರ ಅಂತ ಮಾಡುವವನಿಗೆ ಪೂರ್ತಿ ತಿಳಿದಿರಬೇಕು. ತಿಳಿದೂ ಮನಸಾರೆ ಒಪ್ಪಿ ಮಾಡಿರಬೇಕು. "ವಿಷಯ, ತಿಳಿವು, ಒಪ್ಪಿಗೆ" ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಮಾರಕ ಅಲ್ಲ. ಮೊದಲನೆಯದನ್ನು ಹೊರಗಿನವರು ನೋಡಿ ಹೇಳಬಹುದು. ಉಳಿದ ಎರಡು ಒಳಗಿನವು. ಅದಕ್ಕೇ 1861ನೇ ಪರಿಚ್ಛೇದ ಹೇಳುತ್ತದೆ, ಕೃತ್ಯ ಗಂಭೀರ ಅಂತ ನಾವು ಹೇಳಬಹುದು, ಮಾಡಿದ ಮನುಷ್ಯನ ಮೇಲಿನ ತೀರ್ಪನ್ನು ಮಾತ್ರ ದೇವರ ನ್ಯಾಯಕ್ಕೂ ಕರುಣೆಗೂ ಬಿಡಬೇಕು ಅಂತ. ಚರ್ಚಿನ ಬಾಗಿಲಲ್ಲಿ ನಿಂತು ಇನ್ನೊಬ್ಬರ ಲೆಕ್ಕ ಹಾಕುವುದು ಯಾರ ಕೆಲಸವೂ ಅಲ್ಲ.

ಗಂಭೀರ ವಿಷಯ ಯಾವುದು ಅಂದರೆ ಹತ್ತು ಆಜ್ಞೆಗಳು. ಶ್ರೀಮಂತ ಯುವಕ ಬಂದು ಕೇಳಿದಾಗ ಯೇಸುಸ್ವಾಮಿ ಹೇಳಿದ್ದನ್ನು ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಓದಿ. ಕೊಲೆ, ವ್ಯಭಿಚಾರ, ಕಳವು, ಸುಳ್ಳು ಸಾಕ್ಷಿ, ಮೋಸ ಇವೆಲ್ಲ ಬೇಡ ಅಂದು ಕೊನೆಗೆ ತಂದೆ ತಾಯಿಯರನ್ನು ಗೌರವಿಸು ಅನ್ನುತ್ತಾರೆ. ಧರ್ಮೋಪದೇಶ ಇದನ್ನೇ ಎತ್ತಿಕೊಂಡು ಇನ್ನೊಂದು ಮಾತು ಸೇರಿಸುತ್ತದೆ. ಅನ್ಯಾಯ ಯಾರಿಗಾಯಿತು ಅಂತಲೂ ನೋಡಬೇಕು, ಹೆತ್ತವರ ಮೇಲೆ ಕೈ ಮಾಡುವುದು ಅಪರಿಚಿತರ ಮೇಲೆ ಕೈ ಮಾಡುವುದಕ್ಕಿಂತ ಗಂಭೀರ ಅಂತ. ಹೆತ್ತವರಿಗೆ ಅಷ್ಟು ದೊಡ್ಡ ಜಾಗ ಕೊಟ್ಟ ಬೋಧನೆ ಇದು. ಮಗ್ಗುಲು ಬದಲಾಯಿಸಲು ಆಗದ ತಾಯಿಯನ್ನು ಬೀಗ ಹಾಕಿ ಬಿಟ್ಟು ನೀವು ಪೂಜೆಗೆ ಬಂದಿದ್ದರೆ ನಾನು ಜಾಸ್ತಿ ಗಾಬರಿಯಾಗುತ್ತಿದ್ದೆ.

ನವೆಂಬರ್‌ನ ಭಾನುವಾರದ ಬಗ್ಗೆ. ನೀವು ಸಮಾಧಾನ ಬೇಡ ಅಂದಿದ್ದೀರಿ, ಅದಕ್ಕೇ ಅಳೆದು ಹೇಳುತ್ತೇನೆ. ಇಡೀ ರಾತ್ರಿ ನಿದ್ದೆಗೆಟ್ಟವರು ಬೆಳಿಗ್ಗೆ ಆರಕ್ಕೆ ಅನ್ನುವ "ಬೇಡ"ಕ್ಕೂ, ಆರಾಮಾಗಿ ಮಲಗೆದ್ದು ಪೂಜೆಯೇ ಬೇಡ ಅನ್ನುವವರ "ಬೇಡ"ಕ್ಕೂ ತುಂಬಾ ದೂರ ಇದೆ. ಅವತ್ತು ನಿಮ್ಮ ದೇಹಕ್ಕೇ ಆಗುತ್ತಿರಲಿಲ್ಲ. ನಿಮ್ಮ ಮನಸ್ಸಿನೊಳಗೆ ನಾನು ಇಳಿದು ನೋಡಲಾರೆ, ಆದರೆ ಓದಿದ್ದರಲ್ಲಿ ನನಗೆ ಮಾರಕ ಪಾಪದ ಸುಳಿವೂ ಕಾಣುವುದಿಲ್ಲ. ಮನಸ್ಸು ಒಪ್ಪದಿದ್ದರೆ ಮುಂದಿನ ಪಾಪನಿವೇದನೆಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿಬಿಡಿ, "ಸ್ವಾಮಿ, ಒಂದು ಭಾನುವಾರ ಹೋಗಲು ಅವಕಾಶ ಇತ್ತು, ಸುಸ್ತಾಗಿ ಮಲಗಿದೆ" ಅಂತ. ಗುರುಗಳು ಏನು ಹೇಳುತ್ತಾರೋ ಅಲ್ಲಿಗೆ ಮುಗಿಯಿತು, ಮತ್ತೆ ಅದನ್ನು ಕೆದಕಬೇಡಿ.

ಇನ್ನೆರಡು ಉಪಯೋಗದ ಮಾತು. ಶನಿವಾರ ಸಂಜೆಯ ಪೂಜೆಗೆ ಹೋದರೂ ಭಾನುವಾರದ ಕಟ್ಟಳೆ ತೀರುತ್ತದೆ. ನಿಮ್ಮ ಮನೆಗೆ ಬರುವವರು ಶನಿವಾರ ಒಂದು ಗಂಟೆ ಹೆಚ್ಚು ಇರಬಲ್ಲರಾ ಕೇಳಿ ನೋಡಿ. ಅದೂ ಆಗದಿದ್ದರೆ ಭಾನುವಾರ ಅಮ್ಮನ ಪಕ್ಕ ಕೂತು ಅವತ್ತಿನ ವಾಚನ ಓದಿ ಪ್ರಾರ್ಥಿಸಿ, ಹೋಗಲಾಗದವರಿಗೆ ಕ್ಯಾನನ್ ಕಾನೂನೇ ಅದನ್ನು ಹೇಳಿಕೊಡುತ್ತದೆ. ಮತ್ತೆ ನಿಮ್ಮ ಗುರುಗಳಿಗೆ ಫೋನ್ ಮಾಡಿ. ಅಮ್ಮನಿಗೆ ಪರಮಪ್ರಸಾದ ಮನೆಗೇ ತರುತ್ತಾರೆ. ಆಗ ಅಮ್ಮನ ಜೊತೆ ನೀವೂ ಸ್ವೀಕರಿಸಬಹುದು.


ಕಾಫಿ ಸೀಮೆ

ಉಪದೇಶಿಗಳೇ, ಅಕ್ಕನ ವಿಷಯದಲ್ಲಿ ನೀವು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ನನಗೆ ಒಂದು ವಿಷಯ ಬಹಳ ವರ್ಷದಿಂದ ನುಂಗಲಾರದ ತುತ್ತು. ತಿಳಿವು ಬೇಕು, ಒಪ್ಪಿಗೆ ಬೇಕು ಅಂತ ಹೋದರೆ ಎಲ್ಲರೂ ತಪ್ಪಿಸಿಕೊಳ್ಳುವುದಿಲ್ಲವೇ? ನನಗೆ ಗೊತ್ತಿರಲಿಲ್ಲ ಅಂದರೆ ಆಯಿತು, ಪರಿಸ್ಥಿತಿ ಹಾಗಿತ್ತು ಅಂದರೆ ಆಯಿತು. ಹಾಗಾದರೆ ಗೊತ್ತಿಲ್ಲದೆ ಇರುವುದೇ ಒಳ್ಳೆಯದು ಅಂತಾಗುತ್ತದೆ.

ಯಾಕೆ ಕೇಳುತ್ತಿದ್ದೇನೆ ಅಂದರೆ, ನಮ್ಮಪ್ಪ ಚಿಕ್ಕಮಗಳೂರಿನ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದು, ಶನಿವಾರ ಬಟವಾಡೆ ಮಾಡುವುದು ಅವರ ಕೆಲಸ. ತೋಟದ ಧಣಿಯೂ ನಮ್ಮ ಸಭೆಯವರೇ. ಭಾನುವಾರ ಮುಂದಿನ ಸಾಲಿನಲ್ಲಿ ಮೊಣಕಾಲೂರಿ ನಿಲ್ಲುತ್ತಿದ್ದರು, ಒಂದು ಪೂಜೆ ತಪ್ಪಿಸಿದವರಲ್ಲ. ಹಣ್ಣು ಕೊಯ್ಯುವ ದಿನಗಳಲ್ಲಿ ಮಾತ್ರ ಅಪ್ಪನನ್ನು ಕರೆದು, ಮಧ್ಯಾಹ್ನ ಮಳೆ ಬಂದು ಕೆಲಸ ಸ್ವಲ್ಪ ಹೊತ್ತು ನಿಂತರೂ ಅರ್ಧ ದಿನ ಅಂತ ಬರಿ ಅನ್ನುತ್ತಿದ್ದರು. ಲೈನ್ ಮನೆಯ, ಅಂದರೆ ಆಳುಗಳ ಸಾಲುಮನೆಯ, ಹೆಂಗಸರಿಗೆ ಓದು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿ ಕೊಟ್ಟಷ್ಟು ಇಸ್ಕೊಂಡು ಹೋಗುತ್ತಿದ್ದರು. ಅಪ್ಪ ಬರೆದರು. ಬರೆಯದಿದ್ದರೆ ಮನೆ ಬಿಡಬೇಕಿತ್ತು, ನಾವು ನಾಲ್ಕು ಜನ ಮಕ್ಕಳು.

ಈಸ್ಟರ್‌ಗೆ ಮುಂಚಿನ ಒಂದು ತಪಸ್ಸುಕಾಲದಲ್ಲಿ ಅಪ್ಪ ಪಾಪನಿವೇದನೆಗೆ ಹೋಗಿ ಬಂದವರು ಊಟ ಬಿಟ್ಟು ಕೂತರು. ಅಲ್ಲಿ ಏನು ಮಾತಾಯಿತು ಅಂತ ಅವರು ಯಾವತ್ತೂ ಹೇಳಲಿಲ್ಲ, ಆದರೆ ಅದಾದ ಮೇಲೆ ಎರಡು ವರ್ಷ ಸಂಬಳ ಬಂದ ದಿನ ಲೈನ್ ಮನೆಗಳಿಗೆ ಹೋಗಿ ಒಬ್ಬೊಬ್ಬರಿಗೆ ಇಷ್ಟಿಷ್ಟು ಅಂತ ಕೊಟ್ಟು ಬರುತ್ತಿದ್ದರು. ಅಮ್ಮ ಬೈಯುತ್ತಿದ್ದರು, ತಿಂದವರು ಯಾರೋ ಕಟ್ಟುವವರು ಯಾರೋ ಅಂತ. ಧಣಿ ಒಂದು ರೂಪಾಯಿ ಕೊಟ್ಟಿದ್ದು ನನಗೆ ಗೊತ್ತಿಲ್ಲ. ಆ ಧಣಿ ಪ್ರಸಾದ ತಗೊಳ್ಳುತ್ತಿದ್ದರು, ಈ ಅಕ್ಕ ಹಿಂದಿನ ಬೆಂಚಿನಲ್ಲಿ ಕೂತು ಅಳುತ್ತಾರೆ. ನಮ್ಮ ಜನರಿಗೆ ಗಂಭೀರ ಪಾಪ ಅಂದರೆ ಭಾನುವಾರದ ಪೂಜೆ ಮತ್ತು ಹುಡುಗ ಹುಡುಗಿಯರ ವಿಷಯ, ಅಷ್ಟೇ. ಕೂಲಿ ಹಿಡಿದಿಟ್ಟುಕೊಂಡದ್ದು, ಜಾತಿ ನೋಡಿ ಬೇರೆ ಕೂರಿಸಿದ್ದು, ಸೊಸೆಗೆ ಹೊಡೆದದ್ದು ಯಾರ ಪಟ್ಟಿಯಲ್ಲೂ ಬರುವುದಿಲ್ಲ.


ಹಳೇ ಉಪದೇಶಿ

ತಮ್ಮಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮಪ್ಪನಿಗೆ ನನ್ನ ನಮಸ್ಕಾರ.

ಗೊತ್ತಿರಲಿಲ್ಲ ಅಂದುಬಿಟ್ಟರೆ ಆಯಿತು ಅಂತ ಎಲ್ಲಿಯೂ ಇಲ್ಲ. 1859ನೇ ಪರಿಚ್ಛೇದದಲ್ಲೇ ಇದೆ, ಗೊತ್ತಿಲ್ಲದವರ ಹಾಗೆ ನಟಿಸುವುದು, ಮನಸ್ಸನ್ನು ಕಲ್ಲು ಮಾಡಿಕೊಳ್ಳುವುದು ಹೊಣೆಯನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ. ಅದರ ಮುಂದಿನದರಲ್ಲಿ, ನೀತಿಯ ಮೂಲ ಮಾತುಗಳು ಪ್ರತಿಯೊಬ್ಬರ ಮನಸ್ಸಾಕ್ಷಿಯಲ್ಲೇ ಬರೆದಿವೆ, ಅವು ಗೊತ್ತಿರಲಿಲ್ಲ ಅಂತ ಯಾರೂ ಹೇಳುವಂತಿಲ್ಲ ಅಂತಿದೆ. ದುಡಿದವಳ ಕೂಲಿ ಕತ್ತರಿಸಬಾರದು ಅಂತ ತಿಳಿಯಲು ಧರ್ಮೋಪದೇಶದ ಕ್ಲಾಸು ಬೇಕಾಗಿಲ್ಲ. ನಿಜವಾಗಿ ಗೊತ್ತಿಲ್ಲದವರು, ಹೆದರಿಕೆಯಲ್ಲಿ ಮಾಡಿದವರು, ಕಾಯಿಲೆಯ ಮನಸ್ಸಿನಿಂದ ಮಾಡಿದವರು, ಇವರ ಹೊಣೆ ಕಡಿಮೆಯಾಗುತ್ತದೆ, ಕೆಲವೊಮ್ಮೆ ಬಹಳವೇ ಕಡಿಮೆಯಾಗುತ್ತದೆ. ನಿಮ್ಮಪ್ಪನ ಮೇಲೆ ಒತ್ತಡ ಇತ್ತು. ಬರೆದದ್ದು ತಪ್ಪು, ಆದರೆ ಅದು ಬರೆಸಿದವರ ತಪ್ಪಿಗೆ ಸಮ ಅಲ್ಲ. ಆದರೂ ಅವರು ಒತ್ತಡದ ಹಿಂದೆ ಅವಿತುಕೊಳ್ಳದೆ ತಮ್ಮ ಪಾಲನ್ನು ತಾವೇ ಹೊತ್ತರು ನೋಡಿ, ನನಗೆ ದೊಡ್ಡದಾಗಿ ಕಂಡದ್ದು ಅದು.

ಕೂಲಿಯ ವಿಷಯ ಪಟ್ಟಿಯಲ್ಲಿ ಇಲ್ಲ ಅಂದಿರಲ್ಲ, ಇದೆ. ಸ್ವರ್ಗಕ್ಕೆ ಕೇಳುವ ಹಾಗೆ ಕೂಗುವ ಪಾಪಗಳು ಅಂತ 1867ನೇ ಪರಿಚ್ಛೇದದಲ್ಲಿ ಕೆಲವನ್ನು ಎಣಿಸಿದ್ದಾರೆ. ಆಬೇಲನ ರಕ್ತ, ಸೊದೋಮಿನವರ ಪಾಪ, ಈಜಿಪ್ಟಿನಲ್ಲಿ ನಲುಗಿದ ಜನರ ಕೂಗು, ಪರದೇಶಿ, ವಿಧವೆ, ತಬ್ಬಲಿಗಳ ಕೂಗು, ಮತ್ತೆ ಕೂಲಿಯವರಿಗೆ ಮಾಡಿದ ಅನ್ಯಾಯ. ಸಂತ ಯಕೋಬನ ಪತ್ರದ 5ನೇ ಅಧ್ಯಾಯವನ್ನು ಆ ಧಣಿಯಂಥವರು ಒಮ್ಮೆ ಓದಬೇಕು. ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿಯೇ ಕೂಗಿಕೊಳ್ಳುತ್ತದೆ ಅಂತ ಅಲ್ಲಿ ಬರೆದಿದೆ. ಜಾತಿಯ ಮಾತಿಗೂ ಅಷ್ಟೇ. 2003ರಲ್ಲಿ ತಮಿಳುನಾಡಿನ ಧರ್ಮಾಧ್ಯಕ್ಷರು ರೋಮಿಗೆ ಹೋದಾಗ, ಕ್ರೈಸ್ತರ ನಡುವೆ ಜಾತಿಭೇದದ ನೆರಳೂ ಇರಬಾರದು ಅಂತ ಪೋಪ್ ಅವರ ಮುಂದೆಯೇ ಹೇಳಿದ್ದರು. ಇದನ್ನೆಲ್ಲ ನಾವು ಉಪದೇಶಿಗಳು ಮಕ್ಕಳಿಗೆ ಭಾನುವಾರದ ಕಟ್ಟಳೆಯಷ್ಟು ಒತ್ತಿ ಹೇಳಲಿಲ್ಲ. ಅದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ.


ಚಪ್ಪಲಿಯೊಳಗಿನ ಕಲ್ಲು

ಅಕ್ಕಾ, ನಾನು ಬೇರೆ ಕಡೆಯಿಂದ ಬರುತ್ತೇನೆ. ನಿಮ್ಮ ಬರಹದಲ್ಲಿ ಆ ನವೆಂಬರ್ ಭಾನುವಾರದ ಸಾಲುಗಳನ್ನು ಓದುವಾಗ ನನ್ನ ಹಳೇ ದಿನಗಳು ಕಣ್ಣ ಮುಂದೆ ಬಂದವು.

ಇಪ್ಪತ್ತರ ವಯಸ್ಸಿನಲ್ಲಿ ನಾನು ವಾರಕ್ಕೆ ಮೂರು ಸಲ ಪಾಪನಿವೇದನೆಗೆ ಹೋಗುತ್ತಿದ್ದೆ. ಒಂದು ಕೆಟ್ಟ ಯೋಚನೆ ತಲೆಗೆ ಬಂದರೆ ಸಾಕು, ಇದು ಮಾರಕ ಪಾಪ, ಈಗ ಬಸ್ಸು ಗುದ್ದಿ ಸತ್ತರೆ ನರಕ ಅಂತ ರಸ್ತೆ ದಾಟಲು ಹೆದರುತ್ತಿದ್ದೆ. ಹೇಳಿ ಬಂದ ಹತ್ತು ನಿಮಿಷಕ್ಕೆ ಸರಿಯಾಗಿ ಹೇಳಿದೆನಾ, ಎಷ್ಟು ಸಲ ಅಂತ ಹೇಳಿದೆನಾ ಅಂತ ಮತ್ತೆ ಶುರು. ಮಾರಕ ಪಾಪಗಳನ್ನು ಬಗೆ ಮತ್ತು ಸಂಖ್ಯೆ ಹೇಳಿ ನಿವೇದಿಸಬೇಕು ಅನ್ನುವುದು ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ 1551ರಲ್ಲಿ ಇಟ್ಟ ನಿಯಮ. ಅದು ಒಳ್ಳೆಯದಕ್ಕೇ ಇದೆ, ಆದರೆ ನನ್ನಂಥವನ ಕೈಗೆ ಸಿಕ್ಕಿದರೆ ಸ್ವಂತ ಕುತ್ತಿಗೆಗೆ ಹಗ್ಗ ಆಗುತ್ತದೆ. ಪರೀಕ್ಷೆ ತಪ್ಪಿತು, ಊಟ ಸೇರುತ್ತಿರಲಿಲ್ಲ.

ಕೊನೆಗೆ ವಯಸ್ಸಾದ ಒಬ್ಬ ಗುರುಗಳು ನನ್ನನ್ನು ಹೊರಗೆ ಕರೆದು ಮರದ ಕೆಳಗೆ ಕೂರಿಸಿಕೊಂಡು ಮಾತಾಡಿದರು. ಇದಕ್ಕೆ ಲ್ಯಾಟಿನ್‌ನಲ್ಲಿ ಇಟ್ಟ ಹೆಸರಿನ ಅರ್ಥವೇ ಚೂಪಾದ ಸಣ್ಣ ಕಲ್ಲು ಅಂತ, ಚಪ್ಪಲಿಯೊಳಗೆ ಸೇರಿದರೆ ಹೆಜ್ಜೆ ಹೆಜ್ಜೆಗೂ ಚುಚ್ಚುವ ಹಾಗೆ ಅಂತ ಹೇಳಿದರು. ಲೊಯೋಲದ ಸಂತ ಇಗ್ನಾಸಿಯವರಿಗೂ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದೇ ಆಗಿತ್ತಂತೆ. ಅದಕ್ಕೆ ಮುಂಚೆ ಮೂರು ದಿನ ಕೂತು ಇಡೀ ಜೀವನದ ಪಾಪವನ್ನು ಬರೆದು ನಿವೇದಿಸಿದ್ದರೂ ಏನೋ ಬಿಟ್ಟುಹೋಗಿದೆ ಅಂತ ತಿಂಗಳುಗಟ್ಟಲೆ ನರಳಿದರು. ಪಾಪನಿವೇದನೆ ಕೇಳುವ ಗುರುಗಳಿಗೆಲ್ಲ ಪಾಲಕ ಸಂತ ಅನ್ನುತ್ತಾರಲ್ಲ, ಅಲ್ಫೋನ್ಸ್ ಲಿಗೋರಿ, ಅವರನ್ನೂ ಇದು ಬಿಡಲಿಲ್ಲ. ಆ ಗುರುಗಳು ನನಗೆ ಹೇಳಿದ್ದು ಎರಡೇ ಮಾತು. ಒಬ್ಬರೇ ಗುರುಗಳ ಹತ್ತಿರ ಹೋಗು, ಅವರು ಸಾಕು ಅಂದರೆ ಸಾಕು. ಮಾರಕ ಪಾಪ ಆಯಿತೋ ಇಲ್ಲವೋ ಅಂತ ಅನುಮಾನ ಬಂದರೆ ನಿನ್ನ ಮಟ್ಟಿಗೆ ಆಗಿಲ್ಲ ಅಂತಲೇ ತಿಳಿದು ಪ್ರಸಾದ ತಗೋ. ಜೊತೆಗೆ ಮನೋವೈದ್ಯರ ಹತ್ತಿರವೂ ಕಳಿಸಿದರು. ಒಸಿಡಿ, ಅಂದರೆ ಬೇಡವೆಂದರೂ ಅದೇ ಯೋಚನೆ ಮತ್ತೆ ಮತ್ತೆ ಕಾಡುವ ಕಾಯಿಲೆ, ಅಂತ ಗೊತ್ತಾಯಿತು, ಒಂದೂವರೆ ವರ್ಷ ಮಾತ್ರೆ ತಗೊಂಡೆ. ಈಗ ತಿಂಗಳಿಗೊಮ್ಮೆ ಹೋಗುತ್ತೇನೆ, ಐದು ನಿಮಿಷದಲ್ಲಿ ಎದ್ದು ಬರುತ್ತೇನೆ.

ನಿಮಗೆ ಅದಿದೆ ಅಂತ ಹೇಳುತ್ತಿಲ್ಲ ಅಕ್ಕಾ. ನಿದ್ದೆ ಇಲ್ಲದ ಮನಸ್ಸಿಗೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ ಅಂತ ಮಾತ್ರ ಹೇಳುತ್ತಿದ್ದೇನೆ.


ಕುಮ್ಸಾರ್

ಮಂಗಳೂರಿನಿಂದ ಬರೆಯುತ್ತಿದ್ದೇನೆ, ಮನೆಮಾತು ಕೊಂಕಣಿ. ಪಾಪನಿವೇದನೆಗೆ ನಮ್ಮಲ್ಲಿ ಕುಮ್ಸಾರ್ ಅನ್ನುತ್ತೇವೆ, ಪೋರ್ಚುಗೀಸಿನಿಂದ ಬಂದ ಪದ. ಮೊದಲನೇ ಉತ್ತರದಲ್ಲಿ ಕೃತ್ಯ ಬೇರೆ, ಮನುಷ್ಯ ಬೇರೆ ಅಂತ ಬಂತಲ್ಲ. ಅದನ್ನು ಮರೆತರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲಿ ನೋಡಿದ್ದೇವೆ.

ನನ್ನ ಅಜ್ಜನ ತಮ್ಮ ತನ್ನ ಜೀವ ತಾನೇ ಕಳೆದುಕೊಂಡರು. ನಾನು ಹುಟ್ಟುವ ಮುಂಚೆ, 1960ರ ದಶಕದಲ್ಲಿ. ಅದಕ್ಕೂ ಹಿಂದೆ ಎಷ್ಟೋ ವರ್ಷದಿಂದ ಅವರಿಗೆ ಮನಸ್ಸಿನ ಕಾಯಿಲೆ ಇತ್ತು, ರಾತ್ರಿ ಎದ್ದು ಗದ್ದೆಯಲ್ಲಿ ಒಬ್ಬರೇ ಓಡಾಡುತ್ತಿದ್ದರಂತೆ. ಆಗ ಡಾಕ್ಟರಿಗೆ ತೋರಿಸುವುದು ಯಾರಿಗೂ ಹೊಳೆಯಲಿಲ್ಲ. ಸತ್ತ ಮೇಲೆ ಪೂಜೆ ಇಲ್ಲ, ಗಂಟೆ ಇಲ್ಲ. ಸಮಾಧಿಯ ಜಾಗದ ಗೋಡೆಯ ಆಚೆ ಹೂಳಿದರು. ಅವರ ತಾಯಿ ಅದಾದ ಮೇಲೆ ಹನ್ನೊಂದು ವರ್ಷ ಬದುಕಿದ್ದರು. ಪ್ರತಿ ನವೆಂಬರ್ 2ಕ್ಕೆ, ಸತ್ತವರ ಹಬ್ಬದ ದಿನ, ಎಲ್ಲರೂ ಒಳಗೆ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುವಾಗ ಆ ಅಜ್ಜಿ ಗೋಡೆಯ ಆಚೆ ಹೋಗಿ ಒಂದು ಹಚ್ಚಿ ಬರುತ್ತಿದ್ದರಂತೆ. ನನ್ನ ಮಗ ನರಕದಲ್ಲಿದ್ದಾನೆ ಅಂತಲೇ ನಂಬಿ ಸತ್ತರು.

ಆಗ ಇದ್ದದ್ದು 1917ರ ಕ್ಯಾನನ್ ಕಾನೂನು, ಆತ್ಮಹತ್ಯೆ ಮಾಡಿಕೊಂಡವರಿಗೆ ಸಭೆಯ ಸಮಾಧಿ ಇಲ್ಲ ಅಂತಿತ್ತು. ಆದರೆ ಅಲ್ಲೂ "ಬೇಕೆಂದೇ, ಯೋಚಿಸಿ" ಮಾಡಿಕೊಂಡವರಿಗೆ ಮಾತ್ರ ಅಂತ ಇತ್ತು. ಊರಿನವರು ಆ ಮಾತನ್ನು ಓದಲಿಲ್ಲ, ಅಥವಾ ಓದಿದವರು ಹೇಳಲಿಲ್ಲ. 1983ರ ಕಾನೂನಿನಲ್ಲಿ ಆ ಪಟ್ಟಿಯಿಂದ ಆತ್ಮಹತ್ಯೆಯನ್ನೇ ತೆಗೆದರು. ಧರ್ಮೋಪದೇಶದ 2282, 2283 ನಾನು ಬಾಯಿಪಾಠ ಮಾಡಿದ್ದೇನೆ ಅಂದರೂ ತಪ್ಪಲ್ಲ. ಮನಸ್ಸಿನ ತೀವ್ರ ಕಾಯಿಲೆ, ತಡೆಯಲಾರದ ಭಯ, ನೋವು ಇವು ಹೊಣೆಯನ್ನು ಕಡಿಮೆ ಮಾಡಬಲ್ಲವು. ಜೀವ ಕಳೆದುಕೊಂಡವರ ಮುಕ್ತಿಯ ಬಗ್ಗೆ ಆಸೆ ಬಿಡಬಾರದು, ದೇವರು ತನಗೆ ಮಾತ್ರ ಗೊತ್ತಿರುವ ದಾರಿಯಲ್ಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡಬಲ್ಲ, ಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ಆತ್ಮಹತ್ಯೆ ಗಂಭೀರ ವಿಷಯ ಅನ್ನುವುದನ್ನು ಅಲ್ಲಿ ಎಲ್ಲೂ ಬಿಟ್ಟುಕೊಟ್ಟಿಲ್ಲ. ಆದರೂ ಆ ಮನುಷ್ಯನನ್ನು ಗೋಡೆಯ ಆಚೆ ಹಾಕುವುದಿಲ್ಲ.

ನಮ್ಮ ತಂದೆ ಆಮೇಲೆ ಒಂದು ವರ್ಷ ಅವರ ಹೆಸರಿನಲ್ಲಿ ಪೂಜೆ ಇಡಿಸಿದರು. ಬಲಿಪೂಜೆಯಲ್ಲಿ ಆ ಹೆಸರು ಕೇಳಿಸಿದ್ದು ಅದೇ ಮೊದಲು. ಅಜ್ಜಿ ಇರಲಿಲ್ಲ.


ಅಳಿಯ

ನಾನು ಹಿಂದೂ, ಮದುವೆಯಾಗಿದ್ದು ಕಥೋಲಿಕ ಮನೆಯ ಹುಡುಗಿಯನ್ನು. ಎಲ್ಲ ಓದಿದೆ, ಮನಸ್ಸು ಭಾರವಾಯಿತು. ಎರಡು ಸಣ್ಣ ಅನುಮಾನ. ಎಂಥ ಗಂಭೀರ ಪಾಪ ಮಾಡಿದರೂ ಗುರುಗಳ ಹತ್ತಿರ ಹೇಳಿಬಿಟ್ಟರೆ ಮುಗಿಯಿತಾ? ಮತ್ತೆ ಗುರುಗಳೇ ಸಿಗದ ಕಡೆ ಇದ್ದವರು ಏನು ಮಾಡಬೇಕು? ಕೊರೊನಾ ಸಮಯದಲ್ಲಿ ನಮ್ಮ ಅತ್ತೆ ಆಸ್ಪತ್ರೆಯಲ್ಲಿ ಒಬ್ಬರೇ ತೀರಿಕೊಂಡರು, ಹೆಂಡತಿಗೆ ಇವತ್ತಿಗೂ ಅದೇ ಕೊರಗು.


ಹಳೇ ಉಪದೇಶಿ

ಹೇಳಿಬಿಟ್ಟರೆ ಮುಗಿಯುವುದಿಲ್ಲ ಅಪ್ಪಾ. ನಿಜವಾದ ಪಶ್ಚಾತ್ತಾಪ ಬೇಕು, ಮತ್ತೆ ಮಾಡಬಾರದು ಅನ್ನುವ ನಿರ್ಧಾರ ಬೇಕು, ಕಳ್ಳತನ ಮಾಡಿದ್ದರೆ ಹಿಂದಿರುಗಿಸಬೇಕು, ಹೆಸರು ಕೆಡಿಸಿದ್ದರೆ ಸರಿ ಮಾಡಬೇಕು. ಕಾಫಿ ಸೀಮೆಯವರ ತಂದೆ ಎರಡು ವರ್ಷ ಮಾಡಿದ್ದು ಅದನ್ನೇ.

ನಿಮ್ಮ ಅತ್ತೆಯ ವಿಷಯ ದಯವಿಟ್ಟು ಹೆಂಡತಿಗೆ ಓದಿ ಹೇಳಿ. ದೇವರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಪಶ್ಚಾತ್ತಾಪ, ಅವಕಾಶ ಸಿಕ್ಕಿದ ಕೂಡಲೇ ಪಾಪನಿವೇದನೆ ಮಾಡುತ್ತೇನೆ ಅನ್ನುವ ಮನಸ್ಸು, ಇವೆರಡಿದ್ದರೆ ಮಾರಕ ಪಾಪಕ್ಕೂ ಕ್ಷಮೆ ಸಿಗುತ್ತದೆ. ಇದು ಹಳೆಯ ಬೋಧನೆ. 2020ರ ಮಾರ್ಚ್‌ನಲ್ಲಿ, ಗುರುಗಳು ವಾರ್ಡಿನೊಳಗೆ ಹೋಗಲಾಗದೆ ಇದ್ದಾಗ, ಪಾಪಕ್ಷಮೆಯ ವಿಷಯ ನೋಡಿಕೊಳ್ಳುವ ರೋಮಿನ ಕಚೇರಿ ಇದನ್ನೇ ಮತ್ತೆ ನೆನಪಿಸಿ ಪತ್ರ ಹೊರಡಿಸಿತ್ತು. ಒಬ್ಬರೇ ಇದ್ದರು ಅನ್ನುವುದು ನಮ್ಮ ಕಣ್ಣಿಗೆ ಕಂಡದ್ದು.


ಹಿಂದಿನ ಬೆಂಚು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ. ಎರಡು ದಿನ ಏನೂ ಬರೆಯಲಾಗಲಿಲ್ಲ. ಗೋಡೆಯ ಆಚೆಯ ಮೇಣದಬತ್ತಿ ಓದಿ ಅಮ್ಮನ ಪಕ್ಕದಲ್ಲೇ ಕೂತು ಅತ್ತೆ. ಏನಾಯಿತು ಅಂತ ಅಮ್ಮ ಕಣ್ಣಲ್ಲೇ ಕೇಳಿದರು. ಇಡೀ ಕಥೆ ಹೇಳಿದೆ, ಆ ನವೆಂಬರ್ ಭಾನುವಾರವನ್ನೂ ಸೇರಿಸಿ. ಅಮ್ಮನಿಗೆ ಮಾತು ಇನ್ನೂ ಸರಿಯಾಗಿ ಬರುವುದಿಲ್ಲ. ಬಲಗೈಯಿಂದ ನನ್ನ ಹಣೆಯ ಮೇಲೆ ಶಿಲುಬೆ ಗುರುತು ಹಾಕಿದರು, ಚಿಕ್ಕವಳಿದ್ದಾಗ ಶಾಲೆಗೆ ಹೊರಡುವ ಮುಂಚೆ ಹಾಕುತ್ತಿದ್ದ ಹಾಗೆ.

ನಿನ್ನೆ ಗುರುಗಳಿಗೆ ಫೋನ್ ಮಾಡಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ನಾಲ್ಕು ತಿಂಗಳಿಂದ ನನಗೆ ಯಾಕೆ ಹೇಳಲಿಲ್ಲ ಅಂತ ಅವರೇ ಬೇಜಾರು ಮಾಡಿಕೊಂಡರು. ಬರುವ ಮೊದಲ ಶುಕ್ರವಾರ ಸಂಜೆ ಮನೆಗೆ ಬರುತ್ತಾರೆ, ಮೊದಲು ನನ್ನ ಪಾಪನಿವೇದನೆ, ಆಮೇಲೆ ಅಮ್ಮನಿಗೂ ನನಗೂ ಪ್ರಸಾದ. ಚರ್ಚಿನ ಯುವಜನರಲ್ಲಿ ನರ್ಸಿಂಗ್ ಓದುವ ಇಬ್ಬರು ಹುಡುಗಿಯರಿದ್ದಾರಂತೆ, ಭಾನುವಾರ ಒಂದೂವರೆ ಗಂಟೆ ಸರದಿಯಲ್ಲಿ ಬಂದು ಕೂರುತ್ತಾರಾ ಕೇಳಿ ನೋಡುತ್ತೇನೆ ಅಂದರು.

ಆ ಹಿರಿಯರ ಮೇಲೆ ನನಗೆ ಕೋಪ ಇಲ್ಲ. ಗುರುಗಳು ಬರುವ ದಿನ ಅವರನ್ನೂ ಮನೆಗೆ ಕರೆಯೋಣ ಅಂದುಕೊಂಡಿದ್ದೇನೆ. ಉಪದೇಶಿಗಳೇ, ಒಂದು ಸಣ್ಣ ಸಹಾಯ. ಪ್ರಸಾದ ಮನೆಗೆ ಬರುವಾಗ ಹಾಸಿಗೆಯ ಪಕ್ಕ ಮೇಜಿನ ಮೇಲೆ ಏನೇನು ಇಡಬೇಕು? ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ, ಒಂದು ಲೋಟ ನೀರು ಇಷ್ಟು ನೆನಪಿದೆ. ಅಮ್ಮನಿಗೆ ನುಂಗಲು ಕಷ್ಟ, ಪ್ರಸಾದವನ್ನು ತುಂಬಾ ಚಿಕ್ಕ ಚೂರು ಮಾಡಿ ಕೊಡಬಹುದಾ?


ಹಳೇ ಉಪದೇಶಿ

ಅಷ್ಟು ಸಾಕಮ್ಮಾ. ಚಿಕ್ಕ ಚೂರು ಕೊಡಬಹುದು, ಜೊತೆಗೆ ಒಂದು ಚಮಚ ನೀರು ಕುಡಿಸಿ. ನುಂಗುವ ತೊಂದರೆ ಬಗ್ಗೆ ಗುರುಗಳಿಗೆ ಮೊದಲೇ ಹೇಳಿಬಿಡಿ. ತಲೆದಿಂಬು ಎತ್ತರ ಮಾಡಿ ಅಮ್ಮನನ್ನು ಸ್ವಲ್ಪ ಕೂರಿಸಿದ ಹಾಗೆ ಇಡಿ.